ಪ್ಲಾಸ್ಮಾನಾ, ಎಲ್‌ಸಿಡಿನಾ? ಟಿವಿ ಆರಿಸುವ ಮುಂಚೆ ನಿಮ್ಮ ಹಾಲ್ ನೋಡಿ

(ನಮ್ಮ ಬಡಾವಣೆಯ ಗ್ರಂಥಾಲಯದಲ್ಲಿ ಆಡಿದ ಮಾತುಗಳ ಬರಹ ರೂಪ ಇದು. ಮಾತಿನಲ್ಲಿ ಎರಡೆರಡು ಸಲ ಬಂದದ್ದನ್ನು ತೆಗೆದಿದ್ದೇನೆ. ಕೊನೆಯಲ್ಲಿ ಬಂದ ಪ್ರಶ್ನೆಗಳಲ್ಲಿ ಕೆಲವನ್ನು ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಪ್ಲಾಸ್ಮಾ ಟಿವಿ ತಯಾರಿಕೆ ನಿಂತು ಹತ್ತು ವರ್ಷದ ಮೇಲಾಯಿತು, ಈಗ ಯಾಕಪ್ಪಾ ಆ ವಿಷಯ ಅಂತ ನಿಮಗೆ ಅನಿಸಬಹುದು. ಎಷ್ಟೋ ಮನೆಗಳಲ್ಲಿ ಇವತ್ತಿಗೂ 42 ಇಂಚಿನ ಪ್ಲಾಸ್ಮಾ ಗೋಡೆ ಮೇಲಿದೆ. ಸೆಕೆಂಡ್ ಹ್ಯಾಂಡ್ ಸಾಮಾನಿನಲ್ಲೂ ಆಗಾಗ ಕಣ್ಣಿಗೆ ಬೀಳುತ್ತದೆ. ಅದಕ್ಕಿಂತ ಮುಖ್ಯ ಕಾರಣ ಇನ್ನೊಂದಿದೆ. ಇವತ್ತು ಷೋರೂಮಿಗೆ ಹೋದರೆ ಓಎಲ್‌ಇಡಿ ತಗೊಳ್ಳಲಾ, ಮಿನಿ ಎಲ್‌ಇಡಿ ತಗೊಳ್ಳಲಾ ಅಂತ ತಲೆ ಕೆರೆದುಕೊಳ್ಳುತ್ತೀರಲ್ಲ, 2008ರಲ್ಲಿ ಪ್ಲಾಸ್ಮಾ ಮತ್ತು ಎಲ್‌ಸಿಡಿ ಮುಂದೆ ನಿಂತು ಜನ ಕೆರೆದುಕೊಂಡದ್ದೂ ಅದೇ ತಲೆ. ಆ ಹಳೇ ಜಗಳ ಅರ್ಥವಾದರೆ ಹೊಸದು ತಾನಾಗಿಯೇ ಬಿಡಿಸಿಕೊಳ್ಳುತ್ತದೆ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಚಿತ್ರದ ಗುಣ ಅಂತ ನೋಡಿದರೆ ಆ ಕಾಲದಲ್ಲಿ ಒಳ್ಳೆಯ ಪ್ಲಾಸ್ಮಾ ಒಳ್ಳೆಯ ಎಲ್‌ಸಿಡಿಗಿಂತ ಮೇಲಿತ್ತು. ಆದರೂ ನಮ್ಮ ಕಡೆಯ ಬಹುಪಾಲು ಮನೆಗಳಿಗೆ ಎಲ್‌ಸಿಡಿಯೇ ಸರಿಯಾಗಿತ್ತು. ಎರಡು ಮಾತೂ ನಿಜ.

ಮೊದಲು ಎಲ್‌ಸಿಡಿ. ನೀವು ತೊಗಲು ಗೊಂಬೆಯಾಟ ನೋಡಿದ್ದರೆ ಅರ್ಧ ಕೆಲಸ ಮುಗಿಯಿತು. ಹಿಂದೆ ದೀಪ, ಮುಂದೆ ಬಿಳಿ ಪರದೆ, ನಡುವೆ ಬಣ್ಣ ಹಾಕಿದ ತೆಳು ತೊಗಲು. ಬೆಳಕು ದೀಪದ್ದು, ಬಣ್ಣ ತೊಗಲಿನದು. ಎಲ್‌ಸಿಡಿಯಲ್ಲೂ ಹೀಗೇ. ಹಿಂದೆ ಬ್ಯಾಕ್‌ಲೈಟ್ ಉರಿಯುತ್ತಿರುತ್ತದೆ. ಮುಂದೆ ದ್ರವ ಹರಳಿನ ತೆಳು ಪದರ, ಅದರ ಎರಡೂ ಬದಿಗೆ ಪೋಲರೈಸರ್ ಹಾಳೆ (ಒಂದು ದಿಕ್ಕಿನಲ್ಲಿ ಕಂಪಿಸುವ ಬೆಳಕನ್ನು ಮಾತ್ರ ಬಿಡುವಂಥದ್ದು), ಜೊತೆಗೆ ಕೆಂಪು-ಹಸಿರು-ನೀಲಿ ಫಿಲ್ಟರ್. ವೋಲ್ಟೇಜ್ ಕೊಟ್ಟಾಗ ಹರಳಿನ ಅಣುಗಳು ತಿರುಗುತ್ತವೆ. ಎಷ್ಟು ತಿರುಗಿದವು ಅನ್ನುವುದರ ಮೇಲೆ ಎಷ್ಟು ಬೆಳಕು ಹೊರಗೆ ಬರುತ್ತದೆ ಅನ್ನುವುದು ನಿಂತಿದೆ. ತೊಂದರೆ ಇರುವುದು ಕಪ್ಪಿನಲ್ಲಿ. ಕಪ್ಪು ತೋರಿಸಬೇಕಾದಾಗಲೂ ಹಿಂದಿನ ದೀಪ ಆರುವುದಿಲ್ಲ, ಮುಂದಿನ ಪದರ ಅದನ್ನು ಪೂರ್ತಿ ತಡೆಯುವುದೂ ಇಲ್ಲ. ರಾತ್ರಿ ಲೈಟ್ ಆರಿಸಿ ಸಿನಿಮಾ ಹಾಕಿದರೆ ಅಮಾವಾಸ್ಯೆಯ ಕತ್ತಲು ಬೂದಿ ಬಣ್ಣಕ್ಕೆ ಕಾಣುವುದು ಇದಕ್ಕೇ.

ಪ್ಲಾಸ್ಮಾದಲ್ಲಿ ಹಿಂದೆ ದೀಪವೇ ಇಲ್ಲ. ಟ್ಯೂಬ್‌ಲೈಟಿನ ಒಳಗೆ ನಡೆಯುವ ಕೆಲಸವೇ ಇಲ್ಲಿಯೂ ನಡೆಯುತ್ತದೆ, ಅಳತೆ ಮಾತ್ರ ತೀರಾ ಸಣ್ಣದು. ಎರಡು ಗಾಜಿನ ನಡುವೆ ಲಕ್ಷಾಂತರ ಪುಟ್ಟ ಕೋಣೆಗಳು, ಅವುಗಳಲ್ಲಿ ನಿಯಾನ್ ಮತ್ತು ಕ್ಸೆನಾನ್ ಅನಿಲ. ವಿದ್ಯುತ್ ಹಾಯಿಸಿದಾಗ ಅನಿಲ ಪ್ಲಾಸ್ಮಾ ಆಗುತ್ತದೆ, ಕಣ್ಣಿಗೆ ಕಾಣದ ಅಲ್ಟ್ರಾವಯೊಲೆಟ್ ಕಿರಣ ಬಿಡುತ್ತದೆ. ಆ ಕಿರಣ ಕೋಣೆಯ ಗೋಡೆಗೆ ಬಳಿದ ಫಾಸ್ಫರ್ ಅನ್ನುವ ಪುಡಿಗೆ ಬಡಿದಾಗ ಬಣ್ಣ ಹೊಳೆಯುತ್ತದೆ. ಫುಲ್ ಎಚ್‌ಡಿ ಪ್ಲಾಸ್ಮಾದಲ್ಲಿ ಇಂಥ ಕೋಣೆಗಳು 62 ಲಕ್ಷಕ್ಕೂ ಜಾಸ್ತಿ. ಪ್ರತಿಯೊಂದೂ ತನ್ನ ಬೆಳಕನ್ನು ತಾನೇ ಹುಟ್ಟಿಸುತ್ತದೆ, ಬೇಡವಾದಾಗ ಹೆಚ್ಚುಕಡಿಮೆ ಆರಿಯೇ ಹೋಗುತ್ತದೆ. ಹೆಚ್ಚುಕಡಿಮೆ ಅಂದೆ, ಯಾಕೆಂದರೆ ಮತ್ತೆ ಬೇಗ ಹೊತ್ತಿಕೊಳ್ಳಲಿ ಅಂತ ಕೋಣೆಯಲ್ಲಿ ಸಣ್ಣ ಕಿಡಿ ಉಳಿಸಿಕೊಳ್ಳಬೇಕಾಗುತ್ತಿತ್ತು. ಆ ಕಿಡಿಯನ್ನು ಕಣ್ಣಿಗೆ ಕಾಣದಷ್ಟು ಸಣ್ಣದು ಮಾಡುವುದರಲ್ಲಿ ಪಯೊನೀರ್ ಕಂಪನಿಯವರು ಎಲ್ಲರಿಗಿಂತ ಮುಂದೆ ಹೋದರು. 2007-08ರಲ್ಲಿ ಬಂದ ಅವರ ಕುರೋ ಟಿವಿಗಳನ್ನು ನೋಡಿದವರು ಇವತ್ತಿಗೂ ಅದರ ಮಾತಾಡುತ್ತಾರೆ. ಪಾಪ, 2009ರಲ್ಲಿ ಆ ಕಂಪನಿ ಟಿವಿ ವ್ಯಾಪಾರವನ್ನೇ ಬಿಡುವುದಾಗಿ ಹೇಳಿತು. ಒಳ್ಳೆಯ ಮಾಲಿಗೂ ವ್ಯಾಪಾರಕ್ಕೂ ಅಂಥ ಸಂಬಂಧ ಏನಿಲ್ಲ.

ಪ್ಲಾಸ್ಮಾ ಹುಟ್ಟಿದ್ದು ಟಿವಿಗಾಗಿ ಅಲ್ಲ. 1964ರಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಡೊನಾಲ್ಡ್ ಬಿಟ್ಜರ್, ಜೀನ್ ಸ್ಲಾಟೊ ಮತ್ತು ಅವರ ವಿದ್ಯಾರ್ಥಿ ರಾಬರ್ಟ್ ವಿಲ್ಸನ್ ಸೇರಿ ಅದನ್ನು ಮಾಡಿದ್ದು ಪ್ಲೇಟೋ ಅನ್ನುವ, ಕಂಪ್ಯೂಟರಿನಲ್ಲಿ ಪಾಠ ಹೇಳಿಕೊಡುವ ವ್ಯವಸ್ಥೆಗೆ. ಕಿತ್ತಳೆ ಬಣ್ಣ ಒಂದೇ ಬರುತ್ತಿತ್ತು. ಬಣ್ಣದ 42 ಇಂಚಿನ ಟಿವಿಯಾಗಿ ಅಂಗಡಿಗೆ ಬರಲು 1997 ಆಯಿತು. ಅಮೆರಿಕದಲ್ಲಿ ಆಗ ಅದರ ಬೆಲೆ ಸುಮಾರು ಹದಿನೈದು ಸಾವಿರ ಡಾಲರ್. ಆ ಮೂವರಿಗೆ ತಾಂತ್ರಿಕ ಸಾಧನೆಯ ಎಮ್ಮಿ ಪ್ರಶಸ್ತಿ ಸಿಕ್ಕಿದ್ದು 2002ರಲ್ಲಿ, ಕೆಲಸ ಮಾಡಿ ಮೂವತ್ತೆಂಟು ವರ್ಷ ಆದ ಮೇಲೆ.

ಎಲ್‌ಸಿಡಿಯ ಕತೆಯಲ್ಲಿ ನಮ್ಮೂರೂ ಬರುತ್ತದೆ, ಇದನ್ನು ಹೇಳದೆ ಮುಂದೆ ಹೋಗಲು ಮನಸ್ಸಿಲ್ಲ. ಸರ್ ಸಿ.ವಿ. ರಾಮನ್ ಅವರ ಸೋದರಳಿಯ ಎಸ್. ಚಂದ್ರಶೇಖರ್ ಅಂತ ಒಬ್ಬ ಭೌತವಿಜ್ಞಾನಿ ಇದ್ದರು. ನೊಬೆಲ್ ಬಂದ ಚಂದ್ರಶೇಖರ್ ಅಲ್ಲ, ಇವರು ಶಿವರಾಮಕೃಷ್ಣ ಚಂದ್ರಶೇಖರ್. ಮೈಸೂರು ವಿಶ್ವವಿದ್ಯಾಲಯದಲ್ಲಿ ವರ್ಷಗಟ್ಟಲೆ ಪಾಠ ಹೇಳಿ, 1971ರಲ್ಲಿ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಗೆ ಬಂದು ದ್ರವ ಹರಳುಗಳ ಪ್ರಯೋಗಾಲಯ ಕಟ್ಟಿದರು. ದ್ರವ ಹರಳು ಆಗಬೇಕಾದರೆ ಅಣು ಕಡ್ಡಿಯ ಹಾಗೆ ಉದ್ದಕ್ಕೆ ಇರಬೇಕು ಅಂತ ಆಗ ನಂಬಿಕೆ ಇತ್ತು. 1977ರಲ್ಲಿ ಚಂದ್ರಶೇಖರ್, ಬಿ.ಕೆ. ಸದಾಶಿವ, ಕೆ.ಎ. ಸುರೇಶ್ ಮೂವರೂ ಸೇರಿ ಬಿಲ್ಲೆಯ ಆಕಾರದ ಅಣುಗಳೂ ದ್ರವ ಹರಳಾಗುತ್ತವೆ ಅಂತ ತೋರಿಸಿದರು. ಸುಮ್ನೆ ಪುಸ್ತಕದ ವಿಷಯವಾಗಿ ಅದು ಉಳಿಯಲಿಲ್ಲ. ಹಳೆಯ ಎಲ್‌ಸಿಡಿ ಮಾನಿಟರ್, ಲ್ಯಾಪ್‌ಟಾಪ್‌ಗಳನ್ನು ಪಕ್ಕದಿಂದ ನೋಡಿದರೆ ಬಣ್ಣ ಉಲ್ಟಾ ಆಗುತ್ತಿತ್ತಲ್ಲ, ಅದನ್ನು ಕಡಿಮೆ ಮಾಡಲು ಜಪಾನಿನ ಫ್ಯೂಜಿಫಿಲ್ಮ್ ಒಂದು ತೆಳು ಹಾಳೆ ತಂದಿತು. ಆ ಹಾಳೆಯೊಳಗೆ ಇದ್ದದ್ದು ಈ ಬಿಲ್ಲೆ ಜಾತಿಯ ಅಣುಗಳೇ. ಚಂದ್ರಶೇಖರ್ ಅವರು ಆಮೇಲೆ ಜಾಲಹಳ್ಳಿಯಲ್ಲಿ ದ್ರವ ಹರಳುಗಳಿಗೇ ಒಂದು ಸಂಶೋಧನಾ ಕೇಂದ್ರ ಶುರು ಮಾಡಿದರು. ನಮ್ಮ ಮಕ್ಕಳ ಪಠ್ಯದಲ್ಲಿ ಈ ಹೆಸರು ಯಾಕಿಲ್ಲ ಅಂತ ನನಗೆ ಬೇಜಾರಿದೆ.

ಸರಿ, ಜಗಳಕ್ಕೆ ಬರೋಣ. ಅಷ್ಟು ಒಳ್ಳೆಯ ಚಿತ್ರ ಕೊಡುತ್ತಿದ್ದ ಪ್ಲಾಸ್ಮಾ ಸೋತದ್ದು ಯಾಕೆ?

ನನ್ನ ಪ್ರಕಾರ ದೊಡ್ಡ ಕಾರಣ ಅಂಗಡಿಯ ಟ್ಯೂಬ್‌ಲೈಟು. ಷೋರೂಮ್ ಅಂದರೆ ಹಗಲಿಗಿಂತ ಬೆಳಕು. ಅಲ್ಲಿ ಪ್ಲಾಸ್ಮಾ, ಎಲ್‌ಸಿಡಿ ಅಕ್ಕಪಕ್ಕ ಇಟ್ಟರೆ ಪ್ಲಾಸ್ಮಾ ಮಂಕಾಗಿ ಕಾಣುತ್ತದೆ, ಅದರ ಮುಂದಿನ ಗಾಜಿನಲ್ಲಿ ಮೇಲಿನ ದೀಪಗಳ ಸಾಲು, ನಿಮ್ಮ ಮುಖ, ಹಿಂದೆ ನಿಂತ ಸೇಲ್ಸ್‌ಮನ್ ಎಲ್ಲ ಕಾಣುತ್ತಾರೆ. ಎಲ್‌ಸಿಡಿಯ ಬ್ಯಾಕ್‌ಲೈಟನ್ನು ಪೂರ್ತಿ ಏರಿಸಿ, ವಿವಿಡ್ ಮೋಡಿನಲ್ಲಿ ಹೂವು, ಹಕ್ಕಿ, ಹಣ್ಣಿನ ವಿಡಿಯೋ ಓಡಿಸಿರುತ್ತಾರೆ. ಕೊಳ್ಳಲು ಹೋದವರು ಯಾವುದರ ಮುಂದೆ ನಿಲ್ಲುತ್ತಾರೆ, ಹೇಳಬೇಕಾ? ಕಪ್ಪು ಎಷ್ಟು ಕಪ್ಪಾಗಿದೆ ಅಂತ ನೋಡಲು ಕತ್ತಲ ಕೋಣೆ ಬೇಕು. ಅದು ಅಂಗಡಿಯಲ್ಲಿ ಇರುವುದಿಲ್ಲ. ಪ್ಲಾಸ್ಮಾದ ಗೆಲುವು ಮನೆಗೆ ಬಂದ ಮೇಲೆ, ರಾತ್ರಿ ಹತ್ತು ಗಂಟೆಗೆ ಗೊತ್ತಾಗುವಂಥದ್ದು.

ಉಳಿದ ಕಾರಣಗಳೂ ಸಣ್ಣವಲ್ಲ. ಪ್ಲಾಸ್ಮಾದ ಕೋಣೆಯನ್ನು ತೀರಾ ಸಣ್ಣದು ಮಾಡಿದರೆ ಬೆಳಕು ಕುಗ್ಗುತ್ತದೆ. ಅದಕ್ಕೇ 42 ಇಂಚಿಗಿಂತ ಚಿಕ್ಕ ಪ್ಲಾಸ್ಮಾ ಅಪರೂಪ, ಎಷ್ಟೋ 42 ಇಂಚಿನವುಗಳಲ್ಲಿ ಇದ್ದದ್ದು ಬರೀ 1024 × 768 ಪಿಕ್ಸೆಲ್. ನಮ್ಮ ಜನ ಆಗ ಜಾಸ್ತಿ ಕೊಳ್ಳುತ್ತಿದ್ದದ್ದು 32 ಇಂಚು, ಆ ಮಾರುಕಟ್ಟೆ ಹೆಚ್ಚುಕಡಿಮೆ ಪೂರ್ತಿ ಎಲ್‌ಸಿಡಿ ಪಾಲಾಯಿತು. ಆಮೇಲೆ ಫುಲ್ ಎಚ್‌ಡಿಯ ನಾಲ್ಕು ಪಟ್ಟು ಪಿಕ್ಸೆಲ್ ಇರುವ 4ಕೆ ಬಂತು. ಪ್ಯಾನಾಸೋನಿಕ್ 2010ರಲ್ಲಿ 152 ಇಂಚಿನ 4ಕೆ ಪ್ಲಾಸ್ಮಾ ತೋರಿಸಿತ್ತು, ಆದರೆ ಅದನ್ನು ಇಡಲು ಮನೆ ಅಲ್ಲ, ಕಲ್ಯಾಣ ಮಂಟಪ ಬೇಕು. ಕೊನೆಗೆ 2013ರ ಡಿಸೆಂಬರಿನಲ್ಲಿ ಪ್ಯಾನಾಸೋನಿಕ್ ತಯಾರಿಕೆ ನಿಲ್ಲಿಸಿತು, 2014ರಲ್ಲಿ ಸ್ಯಾಮ್‌ಸಂಗ್ ಮತ್ತು ಎಲ್‌ಜಿ ಕೂಡ ಕೈ ಬಿಟ್ಟವು.

ಇನ್ನು ನಮ್ಮ ಮನೆಯ ವಿಷಯ. ಟಿವಿ ಆರಿಸುವಾಗ ನಾನು ಮೊದಲು ಕೇಳುವುದು ಬಜೆಟ್ ಅಲ್ಲ. ನಿಮ್ಮ ಹಾಲಿನ ಕಿಟಕಿ ಯಾವ ಕಡೆ ಇದೆ, ಟಿವಿ ಎದುರಿಗೇ ಇದೆಯಾ? ಹಗಲು ಜಾಸ್ತಿ ನೋಡುತ್ತೀರಾ, ರಾತ್ರಿಯಾ? ನೋಡುವಾಗ ಲೈಟ್ ಆರಿಸುತ್ತೀರಾ? ನಮ್ಮಲ್ಲಿ ಹಾಲ್ ಅಂದರೆ ಮನೆಯ ಚಾವಡಿ. ಅಜ್ಜಿ ಹೂ ಕಟ್ಟುವುದು, ಮಕ್ಕಳು ಹೋಮ್‌ವರ್ಕ್ ಮಾಡುವುದು, ಬಂದವರಿಗೆ ಕಾಫಿ ಕೊಡುವುದು ಎಲ್ಲ ಅಲ್ಲೇ. ಲೈಟ್ ಆರಿಸಿ ಕೂತರೆ ಮನೆಯವರು ಬೈಯುತ್ತಾರೆ. ಇಂಥ ಕೋಣೆಯಲ್ಲಿ ಕಪ್ಪಿನ ಆಳ ಯಾರಿಗೂ ಕಾಣುವುದಿಲ್ಲ, ಬೆಳಕಿನ ಜೋರು ಕಾಣುತ್ತದೆ. ಅದಕ್ಕೇ ನಮ್ಮ ಬಹುಪಾಲು ಮನೆಗಳಿಗೆ ಎಲ್‌ಸಿಡಿ ಸರಿ ಅಂದದ್ದು. ಬೇರೆ ಕೋಣೆ ಇದೆ, ಪರದೆ ಎಳೆಯಬಹುದು, ರಾತ್ರಿ ಸಿನಿಮಾ ನೋಡುವ ಹುಚ್ಚಿದೆ ಅನ್ನುವವರ ಲೆಕ್ಕ ಬೇರೆ.

ಎರಡನೆಯದು, ಏನು ನೋಡುತ್ತೀರಿ? ಇಲ್ಲಿ ಸ್ವಲ್ಪ ನಿಲ್ಲಬೇಕು. ಪ್ಲಾಸ್ಮಾದಲ್ಲಿ ಅಲುಗಾಡದ ಚಿತ್ರ ತುಂಬಾ ಹೊತ್ತು ನಿಂತರೆ ಆ ಜಾಗದ ಫಾಸ್ಫರ್ ಬೇರೆ ಜಾಗಕ್ಕಿಂತ ಬೇಗ ಸವೆಯುತ್ತದೆ, ಪರದೆಯ ಮೇಲೆ ಅದರ ಅಚ್ಚು ಕೂರುತ್ತದೆ. ಸ್ವಲ್ಪ ಹೊತ್ತಿಗೆ ಮಾಯವಾಗುವ ನೆರಳು ಬೇರೆ, ಕಾಯಂ ಅಚ್ಚು ಬೇರೆ. ಮೊದಲನೆಯದಕ್ಕೆ ಹೆದರಬೇಕಿಲ್ಲ. ಎರಡನೆಯದಕ್ಕೆ ಮದ್ದಿಲ್ಲ. ಈಗ ನಮ್ಮ ನ್ಯೂಸ್ ಚಾನೆಲ್‌ಗಳನ್ನು ನೆನಪು ಮಾಡಿಕೊಳ್ಳಿ. ಮೂಲೆಯಲ್ಲಿ ಲೋಗೋ, ಕೆಳಗೆ ಕೆಂಪು-ಹಳದಿ ಪಟ್ಟಿ, ಅದರ ಕೆಳಗೆ ಓಡುವ ಸಾಲು, ಪಕ್ಕದಲ್ಲಿ ಜಾಹೀರಾತಿನ ಚೌಕಟ್ಟು, ನಡುವೆ ಉಳಿದ ಜಾಗದಲ್ಲಿ ನಾಲ್ಕು ಜನ ಕೂಗಾಡುತ್ತಿರುತ್ತಾರೆ. ಬೆಳಿಗ್ಗೆಯಿಂದ ರಾತ್ರಿವರೆಗೆ ಒಂದೇ ನ್ಯೂಸ್ ಚಾನೆಲ್ ಓಡುವ ಮನೆಗೆ, ಹೋಟೆಲಿಗೆ, ಆಸ್ಪತ್ರೆಯ ಕಾಯುವ ಕೋಣೆಗೆ ಪ್ಲಾಸ್ಮಾ ಯಾವತ್ತೂ ಸರಿಯಾದ ಆಯ್ಕೆ ಆಗಿರಲಿಲ್ಲ. ಎಲ್‌ಸಿಡಿಗೆ ಈ ಕಾಯಿಲೆ ಹೆಚ್ಚುಕಡಿಮೆ ಇಲ್ಲ.

ಇದರ ಜೊತೆಗೆ ನಮ್ಮಲ್ಲಿ ಇನ್ನೊಂದು ಅವತಾರ ನಡೆದಿತ್ತು. ಎಚ್‌ಡಿ ಚಾನೆಲ್ ಬರುವ ಮುಂಚೆ ಎಲ್ಲವೂ ಚೌಕದ 4:3 ಚಿತ್ರ. ಅಗಲ ಟಿವಿಯಲ್ಲಿ ಹಾಕಿದರೆ ಎರಡೂ ಪಕ್ಕ ಕಪ್ಪು ಪಟ್ಟಿ, ಪ್ಲಾಸ್ಮಾದಲ್ಲಿ ಆ ಪಟ್ಟಿಯ ಅಚ್ಚಿನ ಭಯ. ದುಡ್ಡು ಕೊಟ್ಟ ಪರದೆ ಖಾಲಿ ಬಿಡುವುದು ಯಾಕೆ ಅಂತ ಬೇರೆ! ಎಲ್ಲರೂ ಚಿತ್ರ ಎಳೆದು ತುಂಬಿಸಿದರು. ಕಪ್ಪು-ಬಿಳುಪು ಸಿನಿಮಾದ ನಾಯಕರೆಲ್ಲ ರಾತ್ರೋರಾತ್ರಿ ದಪ್ಪಗಾದರು. ಕೆಲವು ಮನೆಗಳಲ್ಲಿ ಈಗಲೂ ಹಾಗೇ ನಡೆದಿದೆ, ರಿಮೋಟಿನಲ್ಲಿ ಆಸ್ಪೆಕ್ಟ್ ಅನ್ನುವ ಗುಂಡಿ ಒಂದಿದೆ, ದಯವಿಟ್ಟು ಒತ್ತಿ ನೋಡಿ.

ಕ್ರಿಕೆಟ್ ನೋಡುವವರಿಗೆ ಮುಖ್ಯವಾದದ್ದು ಚಲನೆ. ಎಲ್‌ಸಿಡಿ ಒಂದು ಫ್ರೇಮ್ (ವಿಡಿಯೋದ ಒಂದು ಬಿಡಿ ಚಿತ್ರ) ತೋರಿಸಿದರೆ ಮುಂದಿನದು ಬರುವ ತನಕ ಅದನ್ನೇ ಹಿಡಿದುಕೊಂಡಿರುತ್ತದೆ. ನಮ್ಮ ಕಣ್ಣು ಚೆಂಡಿನ ಹಿಂದೆ ಸರಾಗವಾಗಿ ಓಡುತ್ತಿರುತ್ತದೆ, ಚಿತ್ರ ಮಾತ್ರ ನಿಂತು ನಿಂತು ಹಾರುತ್ತದೆ, ಹಾಗಾಗಿ ಚೆಂಡು ಕಲಸಿದ ಹಾಗೆ ಕಾಣುತ್ತದೆ. ಪ್ಲಾಸ್ಮಾ ಪ್ರತಿ ಫ್ರೇಮನ್ನೂ ಮಿಂಚಿನ ಸರಣಿಯಾಗಿ ತೋರಿಸುತ್ತದೆ, ಚೆಂಡು ಚೂಪಾಗಿರುತ್ತದೆ. 600 ಹರ್ಟ್ಸ್ ಅಂತ ಡಬ್ಬಿ ಮೇಲೆ ಬರೆಯುತ್ತಿದ್ದದ್ದು ಈ ಮಿಂಚುಗಳ ಲೆಕ್ಕ, ಸೆಕೆಂಡಿಗೆ 600 ಬೇರೆ ಬೇರೆ ಚಿತ್ರ ಅಂತ ಅಲ್ಲ. ಪ್ಲಾಸ್ಮಾಕ್ಕೂ ಕೊರತೆ ಇತ್ತು, ನಮ್ಮ 50 ಹರ್ಟ್ಸ್ ಪ್ರಸಾರದಲ್ಲಿ ಬಿಳಿ ಜಾಗ ಮಿಣುಕುವುದು ಕೆಲವರ ಕಣ್ಣಿಗೆ ಹಿಂಸೆ ಆಗುತ್ತಿತ್ತು. ಎಲ್‌ಸಿಡಿಯವರು ಕಲಸುವುದನ್ನು ಸರಿ ಮಾಡಲು ಎರಡು ಫ್ರೇಮ್ ನಡುವೆ ತಾವೇ ಒಂದು ಫ್ರೇಮ್ ಹುಟ್ಟಿಸಿ ತುಂಬಿಸಿದರು. ಸೋನಿಯವರು ಮೋಷನ್‌ಫ್ಲೋ ಅಂದರು, ಎಲ್‌ಜಿಯವರು ಟ್ರೂಮೋಷನ್ ಅಂದರು. ಕ್ರಿಕೆಟಿಗೆ ಪರವಾಗಿಲ್ಲ, ಆದರೆ ಸಿನಿಮಾ ಹಾಕಿದರೆ ಮೆಗಾ ಧಾರಾವಾಹಿ ನೋಡಿದ ಹಾಗಾಗುತ್ತದೆ. ಹೊಸ ಟಿವಿ ತಂದ ದಿನವೇ ಸಿನಿಮಾಕ್ಕೆ ಅದನ್ನು ಆಫ್ ಮಾಡಿ, ಪಿಕ್ಚರ್ ಮೋಡನ್ನು ವಿವಿಡ್‌ನಿಂದ ಸಿನಿಮಾ ಅಥವಾ ಫಿಲ್ಮ್‌ಮೇಕರ್‌ಗೆ ಬದಲಾಯಿಸಿ. ಮೊದಲ ಎರಡು ದಿನ ಹಳದಿಯಾಗಿದೆ ಅನಿಸುತ್ತದೆ. ಆಮೇಲೆ ವಿವಿಡ್ ನೋಡಿದರೆ ನೀವೇ ಕಣ್ಣು ಮುಚ್ಚುತ್ತೀರಿ.

ಕರೆಂಟಿನ ಮಾತು ಬೇಗ ಮುಗಿಸುತ್ತೇನೆ. ಪ್ಲಾಸ್ಮಾ ಎಷ್ಟು ಎಳೆಯುತ್ತದೆ ಅನ್ನುವುದು ಚಿತ್ರದ ಮೇಲೆ ನಿಂತಿದೆ, ಕತ್ತಲ ದೃಶ್ಯಕ್ಕೆ ಕಡಿಮೆ, ಹಗಲು ಪಂದ್ಯಕ್ಕೆ ಜಾಸ್ತಿ. ದೊಡ್ಡ ಪ್ಲಾಸ್ಮಾ ಸರಾಸರಿ 300 ವ್ಯಾಟ್ ಎಳೆಯಿತು ಅಂತ ಇಟ್ಟುಕೊಳ್ಳಿ, ದಿನಕ್ಕೆ 6 ಗಂಟೆ ಓಡಿದರೆ ತಿಂಗಳಿಗೆ 54 ಯೂನಿಟ್. ಎಲ್‌ಇಡಿ ಬ್ಯಾಕ್‌ಲೈಟಿನ ಟಿವಿ 100 ವ್ಯಾಟಿನದಾದರೆ 18 ಯೂನಿಟ್. ಗೃಹಜ್ಯೋತಿ ಮಿತಿಯ ಅಂಚಿನಲ್ಲಿ ಇರುವವರಿಗೆ ಈ ವ್ಯತ್ಯಾಸ ತಿಂಗಳಾ ತಿಂಗಳಾ ಗೊತ್ತಾಗುತ್ತದೆ. ಕರೆಂಟ್ ಹೋದಾಗ ಯುಪಿಎಸ್ ಬ್ಯಾಟರಿಗೂ ಅಷ್ಟೇ ಗೊತ್ತಾಗುತ್ತದೆ.

ಇಲ್ಲಿ ಒಂದು ವಿಷಯ ಬಿಡಿಸಿ ಹೇಳಬೇಕು, ಯಾಕೆಂದರೆ ಇದರಲ್ಲೇ ಜನ ಮೋಸ ಹೋಗುವುದು. ಅಂಗಡಿಯಲ್ಲಿ ಎಲ್‌ಇಡಿ ಟಿವಿ ಅಂತ ಮಾರುವುದು ಎಲ್‌ಸಿಡಿಯನ್ನೇ. ಹಿಂದೆ ಇದ್ದ ತೆಳು ಟ್ಯೂಬ್‌ಗಳ ಬದಲು ಎಲ್‌ಇಡಿ ಬಂತು, ಅಷ್ಟೇ. ಕ್ಯೂಎಲ್‌ಇಡಿ ಅಂದರೆ ಆ ಬೆಳಕಿಗೆ ಬಣ್ಣ ಶುದ್ಧ ಮಾಡುವ ಒಂದು ಪದರ ಸೇರಿಸಿದ್ದು, ಅದೂ ಎಲ್‌ಸಿಡಿಯೇ. ಮಿನಿ ಎಲ್‌ಇಡಿ ಅಂದರೆ ಹಿಂದಿನ ದೀಪಗಳನ್ನು ತೀರಾ ಸಣ್ಣದು ಮಾಡಿ ನೂರಾರು ವಲಯಗಳಾಗಿ ಹಂಚಿ, ಕತ್ತಲಿರುವ ಕಡೆ ಮಂದ ಮಾಡುವುದು. ಎಷ್ಟು ವಲಯ ಇದೆ ಅಂತ ಕೇಳಿ. ಸೇಲ್ಸ್‌ಮನ್ ಉತ್ತರ ಕೊಡದೆ "ಕಾಂಟ್ರಾಸ್ಟ್ ಹತ್ತು ಲಕ್ಷಕ್ಕೆ ಒಂದು ಸಾರ್" ಅಂದರೆ ನಕ್ಕು ಸುಮ್ಮನಾಗಿ. ಕಾಂಟ್ರಾಸ್ಟ್ ಅಂದರೆ ಕಪ್ಪಿಗಿಂತ ಬಿಳಿ ಎಷ್ಟು ಪಟ್ಟು ಬೆಳಗುತ್ತದೆ ಅನ್ನುವುದು, ಇವರದು ದೀಪ ಏರಿಸಿ ಇಳಿಸಿ ತೆಗೆದ ಲೆಕ್ಕ. ಒಂದೇ ದೃಶ್ಯದಲ್ಲಿ ಅಳೆದರೆ, ಎಲ್‌ಸಿಡಿ ಪರದೆಯ ಎರಡು ಬಗೆಗಳಲ್ಲಿ ಐಪಿಎಸ್ ಪ್ಯಾನಲ್ ಸುಮಾರು ಸಾವಿರಕ್ಕೆ ಒಂದು, ವಿಎ ಪ್ಯಾನಲ್ ಮೂರು ಸಾವಿರದಿಂದ ಮೇಲೆ. ಪಕ್ಕದಲ್ಲಿ ಕೂತು ನೋಡುವವರು ಜಾಸ್ತಿ ಇದ್ದರೆ ಐಪಿಎಸ್, ಎದುರಿಗೇ ಕೂರುವವರಾದರೆ ವಿಎ.

ಓಎಲ್‌ಇಡಿ ಒಂದೇ ನಿಜವಾಗಿ ಬೇರೆ ಜಾತಿ. ಪ್ರತಿ ಪಿಕ್ಸೆಲ್ಲೂ ತನ್ನ ಬೆಳಕು ತಾನೇ ಕೊಡುತ್ತದೆ, ಬೇಡವಾದಾಗ ಪೂರ್ತಿ ಆರುತ್ತದೆ. ಯಾರ ನೆನಪಾಯಿತು? ಪ್ಲಾಸ್ಮಾದ ಒಳ್ಳೆಯ ಗುಣ ಬಹಳಷ್ಟು ಇದಕ್ಕೆ ಬಂದಿದೆ, ಕೆಟ್ಟದ್ದೂ ಬಂದಿದೆ. ಕತ್ತಲ ಕೋಣೆಯಲ್ಲಿ ಅದ್ಭುತ, ಯಾವ ಕಡೆಯಿಂದ ನೋಡಿದರೂ ಬಣ್ಣ ಕೆಡುವುದಿಲ್ಲ. ಪರದೆ ತುಂಬಾ ಬಿಳಿ ಬಂದರೆ ಬೆಳಕು ತಗ್ಗಿಸಿಕೊಳ್ಳುತ್ತದೆ, ಲೋಗೋದ ಅಚ್ಚು ಬೀಳುವ ಭಯ ಇದೆ. ಹಾಗಾಗಿ ಲೆಕ್ಕ ಹಳೆಯದೇ. ಬಿಸಿಲು ಬೀಳುವ ಹಾಲ್, ದಿನವಿಡೀ ನ್ಯೂಸ್ ಅಂದರೆ ಮಿನಿ ಎಲ್‌ಇಡಿ. ರಾತ್ರಿ ಸಿನಿಮಾ, ಲೈಟ್ ಆರಿಸಿದ ಕೋಣೆ ಅಂದರೆ, ದುಡ್ಡೂ ಇದ್ದರೆ, ಕಣ್ಣು ಮುಚ್ಚಿ ಓಎಲ್‌ಇಡಿ.

ಈಗ ಪ್ರಶ್ನೆಗಳು.

ಎಷ್ಟು ಇಂಚು ತಗೊಳ್ಳಬೇಕು ಅಂತ ಒಬ್ಬರು ಕೇಳಿದರು. ಟಿವಿಯ ಮೂಲೆಯಿಂದ ಮೂಲೆಗಿನ ಅಳತೆಯ ಒಂದೂವರೆ ಪಟ್ಟು ದೂರ ಕೂತರೆ ಸಿನಿಮಾಕ್ಕೆ ಹಿತ. 43 ಇಂಚಿಗೆ ಐದು ಅಡಿ ಚಿಲ್ಲರೆ, 55ಕ್ಕೆ ಏಳು ಅಡಿ ಹತ್ತಿರ. ನೀವು ನೋಡುವುದು ಹಳೆಯ ಎಸ್‌ಡಿ ಚಾನೆಲ್‌ಗಳೇ ಆದರೆ ಇನ್ನೂ ಹಿಂದೆ ಹೋಗಿ, ಇಲ್ಲದಿದ್ದರೆ ಮುಖಗಳೆಲ್ಲ ಮೆತ್ತಗೆ ಕಾಣುತ್ತವೆ, ಅದು ಟಿವಿ ತಪ್ಪಲ್ಲ. ಗೋಡೆಯಲ್ಲಿ ತೀರಾ ಮೇಲೆ, ದೇವರ ಪಟದ ಸಾಲಿನಲ್ಲಿ ಹಾಕಿಸಬೇಡಿ. ಕೂತಾಗ ಕಣ್ಣಿನ ಎತ್ತರಕ್ಕೆ ಪರದೆಯ ನಡುಭಾಗ ಬಂದರೆ ಕತ್ತು ಉಳಿಯುತ್ತದೆ.

ಬೆಲೆ ಇಳಿಯುತ್ತದಾ, ಕಾಯಬೇಕಾ ಅಂತ ಇನ್ನೊಬ್ಬರು. 32 ಇಂಚಿಗಿಂತ ದೊಡ್ಡ ಟಿವಿಗಳ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇಕಡಾ 28ರಿಂದ 18ಕ್ಕೆ ಇಳಿಯಿತು, ಆ ಲಾಭ ಆಗಲೇ ಬೆಲೆಯಲ್ಲಿ ಸೇರಿರುತ್ತದೆ. ಹಬ್ಬದ ಆಫರ್ ಬರುತ್ತಲೇ ಇರುತ್ತದೆ. ಹೋದ ವರ್ಷದ ಮೇಲ್ದರ್ಜೆಯ ಮಾಡೆಲ್ ಈ ವರ್ಷದ ಸಾಧಾರಣ ಮಾಡೆಲಿನ ಬೆಲೆಗೆ ಸಿಕ್ಕರೆ ನಾನು ಹಳೆಯದನ್ನೇ ತಗೊಳ್ಳುತ್ತೇನೆ.

ಕೊನೆಗೆ ಒಬ್ಬ ಹಿರಿಯರು, ಮನೆಯಲ್ಲಿ 2010ರ ಪ್ಲಾಸ್ಮಾ ಇದೆ, ಮಗ ಬಿಸಾಕು ಅನ್ನುತ್ತಾನೆ, ಏನು ಮಾಡಲಿ ಅಂದರು. ಚಿತ್ರ ಚೆನ್ನಾಗಿದ್ದರೆ ಬಿಸಾಕಬೇಡಿ ಸಾರ್. ರಾತ್ರಿ ಸಿನಿಮಾಕ್ಕೆ ಇಟ್ಟುಕೊಳ್ಳಿ, ಎಚ್‌ಡಿಎಂಐ ಕಿಂಡಿಗೆ ಒಂದು ಸ್ಟ್ರೀಮಿಂಗ್ ಸ್ಟಿಕ್ ಹಾಕಿದರೆ ಸ್ಮಾರ್ಟ್ ಟಿವಿ ಕೆಲಸವೂ ಆಗುತ್ತದೆ, ನ್ಯೂಸಿಗೆ ಮಾತ್ರ ಬೇರೆ ಟಿವಿ ನೋಡಿ. ಕೆಟ್ಟರೆ ಹೆಚ್ಚಾಗಿ ಹೋಗುವುದು ಪವರ್ ಬೋರ್ಡ್, ಇಲ್ಲವೇ ವೈ-ಸಸ್ಟೇನ್, ಝಡ್-ಸಸ್ಟೇನ್ ಅನ್ನುವ ಬೋರ್ಡ್‌ಗಳು. ಹಳೆಯ ಸೆಟ್‌ನಿಂದ ಬಿಚ್ಚಿದ್ದು ಸಿಕ್ಕರೆ ರಿಪೇರಿ ಮಾಡಿಸಿ, ಎಸ್‌ಪಿ ರೋಡಿನ (ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಪೇಟೆ) ಕಡೆ ವಿಚಾರಿಸಿ ನೋಡಬಹುದು. ಗಾಜಿನ ಪ್ಯಾನಲ್ಲೇ ಹೋಗಿದೆ ಅಂದರೆ ಒಂದು ರೂಪಾಯಿಯನ್ನೂ ಹಾಕಬೇಡಿ, ಇ-ತ್ಯಾಜ್ಯ ತಗೊಳ್ಳುವವರಿಗೆ ಕೊಟ್ಟುಬಿಡಿ. ಮನೆ ಬದಲಾಯಿಸುವಾಗ ಪ್ಲಾಸ್ಮಾವನ್ನು ಆಟೋದಲ್ಲಿ ಮಲಗಿಸಿಕೊಂಡು ಹೋಗಬೇಡಿ. ಎರಡು ದೊಡ್ಡ ಗಾಜಿನ ಭಾರ ಅದು, ನಿಲ್ಲಿಸಿಯೇ ಸಾಗಿಸಬೇಕು, ಹಿಡಿಯಲು ಇಬ್ಬರು ಬೇಕು. ಆ ಮಗನನ್ನೇ ಕರೆಯಿರಿ.